ಒಂದೇ ಕುಂಡದಲ್ಲಿ ಹಲವು ಗಿಡಗಳು: ಯಾವುದು ಯಾವುದರೊಡನೆ ಬಾಳುತ್ತದೆ, ಏಕೆ?

ನಡುವೆ ನೆಟ್ಟಗೆ ನಿಂತ ಸ್ನೇಕ್ ಪ್ಲಾಂಟ್, ಅದರ ಬುಡದಲ್ಲಿ ಹರಡಿಕೊಂಡ ಜರೀಗಿಡ, ಅಂಚಿನಿಂದ ಇಳಿಬಿದ್ದ ಮನಿ ಪ್ಲಾಂಟಿನ ಬಳ್ಳಿ, ಒಂದು ಬದಿಯಲ್ಲಿ ಬೆರಳುದ್ದದ ಕ್ಯಾಕ್ಟಸ್. ಇಂಥ ಬಟ್ಟಲೊಂದು ಉಡುಗೊರೆಯಾಗಿ ಬಂದಾಗ ಕಣ್ಣಿಗೆ ಹಬ್ಬ. ಮೊದಲ ಒಂದೆರಡು ತಿಂಗಳು ನಾಲ್ಕೂ ಗಿಡಗಳು ಚೆನ್ನಾಗಿಯೇ ಇರುತ್ತವೆ. ಆಮೇಲೆ ಜರೀಗಿಡದ ಎಲೆತುದಿ ಕಂದುಬಣ್ಣಕ್ಕೆ ತಿರುಗುತ್ತದೆ. ನೀರು ಸಾಲದಾಗಿದೆ ಎಂದು ತಿಳಿದು ಹೆಚ್ಚು ನೀರು ಹಾಕಿದರೆ ಕೆಲವೇ ವಾರಗಳಲ್ಲಿ ಕ್ಯಾಕ್ಟಸಿನ ಬುಡ ಮೆತ್ತಗಾಗಿ ಒಂದು ಕಡೆಗೆ ವಾಲುತ್ತದೆ. ಹೆದರಿ ನೀರು ಕಡಿಮೆ ಮಾಡಿದರೆ ಜರೀಗಿಡ ಪೂರ್ತಿ ಒಣಗುತ್ತದೆ. ಸಾಕಿದವರು ತಮ್ಮ ಕೈಗುಣವೇ ಸರಿಯಿಲ್ಲವೆಂದು ನೊಂದುಕೊಳ್ಳುತ್ತಾರೆ. ಆದರೆ ಆ ನಾಲ್ಕನ್ನೂ ಒಟ್ಟಿಗೆ ಉಳಿಸಬಲ್ಲ ನೀರಿನ ಅಳತೆಯೇ ಇರಲಿಲ್ಲ. ಎಷ್ಟೇ ಅನುಭವವಿರುವವರ ಕೈಗೆ ಕೊಟ್ಟಿದ್ದರೂ ಆ ಬಟ್ಟಲಿನಲ್ಲಿ ಒಂದಲ್ಲ ಒಂದು ಗಿಡ ಸಾಯಲೇಬೇಕಾಗಿತ್ತು.

ಒಂದು ಕುಂಡದಲ್ಲಿ ನೆಟ್ಟ ಗಿಡಗಳು ಮಣ್ಣು, ಗೊಬ್ಬರ, ಬೆಳಕು, ಜಾಗ ಎಲ್ಲವನ್ನೂ ಹಂಚಿಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ನಾವು ಅಷ್ಟಿಷ್ಟು ಹೊಂದಿಸಬಹುದು: ಕುಂಡವನ್ನು ತಿರುಗಿಸಿಟ್ಟು ಬೆಳಕನ್ನು ಹಂಚಬಹುದು, ಕತ್ತರಿಯಿಂದ ಜಾಗವನ್ನು ಬಿಡಿಸಿಕೊಡಬಹುದು, ಗೊಬ್ಬರವನ್ನು ತೆಳುವಾಗಿಸಬಹುದು. ಹೊಂದಿಸಲಾಗದ ಸಂಗತಿ ಒಂದೇ ಒಂದು. ಒಮ್ಮೆ ನೀರು ಹಾಕಿದ ಮೇಲೆ ಮತ್ತೆ ನೀರು ಹಾಕುವವರೆಗೆ ಮಣ್ಣು ಎಷ್ಟು ದಿನದಲ್ಲಿ, ಎಷ್ಟರ ಮಟ್ಟಿಗೆ ಒಣಗಬೇಕು ಎಂಬುದು ಪ್ರತಿ ಗಿಡಕ್ಕೂ ಬೇರೆ. ಇದನ್ನು ಒಣಗುವ ಅವಧಿ ಎಂದು ಕರೆಯೋಣ. ಕುಂಡ ಒಂದಾದರೆ ಒಣಗುವ ಅವಧಿಯೂ ಒಂದೇ. ಆದ್ದರಿಂದ ಯಾವ ಗಿಡದ ಪಕ್ಕದಲ್ಲಿ ಯಾವುದನ್ನು ನೆಡಬಹುದು ಎಂಬ ಪ್ರಶ್ನೆಗೆ ಎಲೆಯ ಬಣ್ಣ, ಆಕಾರ, ಎತ್ತರಗಳನ್ನು ನೋಡುವ ಮೊದಲು ಈ ಅವಧಿಯನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಇಷ್ಟು ಮಹತ್ವ ಏಕೆ ಎಂಬುದು ತಿಳಿಯಬೇಕಾದರೆ ಕುಂಡದೊಳಗೆ ನೀರು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಪಾತ್ರೆ ತೊಳೆಯುವ ಆಯತಾಕಾರದ ಹೊಸ ಸ್ಪಂಜೊಂದನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಹಿಂಡದೆ ಎತ್ತಿ, ಅಗಲವಾದ ಮುಖ ಕೆಳಗಿರುವಂತೆ ಅಡ್ಡಲಾಗಿ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿದ ನೀರು ನಿಂತುಹೋಗುತ್ತದೆ. ಈಗ ಅದೇ ಸ್ಪಂಜನ್ನು ನಿಧಾನವಾಗಿ ಉದ್ದಕ್ಕೆ ತಿರುಗಿಸಿ ನಿಲ್ಲಿಸಿದರೆ ಕೆಳಗಿನ ತುದಿಯಿಂದ ಮತ್ತೆ ನೀರು ಸುರಿಯತೊಡಗುತ್ತದೆ. ಸ್ಪಂಜು ಅದೇ, ಒಳಗಿದ್ದ ನೀರೂ ಅದೇ. ಬದಲಾದದ್ದು ಎತ್ತರ ಮಾತ್ರ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದುಕೊಳ್ಳುವ ಹಾಗೆ ಸ್ಪಂಜಿನ ಸಣ್ಣ ರಂಧ್ರಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದರೆ ಆ ಹಿಡಿತಕ್ಕೆ ಒಂದು ಮಿತಿಯಿದೆ. ಆ ಮಿತಿಯ ಎತ್ತರದವರೆಗಿನ ಕೆಳಭಾಗ ಯಾವಾಗಲೂ ನೀರಿನಿಂದ ತುಂಬಿರುತ್ತದೆ, ಅದಕ್ಕಿಂತ ಮೇಲಿನದು ಬಸಿದುಹೋಗುತ್ತದೆ.

ಕುಂಡದ ಮಣ್ಣಿನಲ್ಲಿ ನಡೆಯುವುದೂ ಇದೇ. ತಳದಲ್ಲಿ ತೂತಿದ್ದರೂ ನೀರು ಹಾಕಿದ ಮೇಲೆ ಕೆಳಗಿನ ಕೆಲವು ಸೆಂಟಿಮೀಟರ್ ಮಣ್ಣು ನೀರು ತುಂಬಿಕೊಂಡೇ ಉಳಿಯುತ್ತದೆ. ಆ ಒದ್ದೆ ಪದರದ ಎತ್ತರವನ್ನು ತೀರ್ಮಾನಿಸುವುದು ಮಣ್ಣಿನ ಕಣಗಳ ಗಾತ್ರ, ಕುಂಡದ ಆಳವಲ್ಲ. ಹಾಗಾಗಿ ಒಂದೇ ಮಣ್ಣನ್ನು ಆಳವಾದ ಕುಂಡಕ್ಕೂ ತಗ್ಗಾದ ಬಟ್ಟಲಿಗೂ ತುಂಬಿದರೆ ಬಟ್ಟಲಿನಲ್ಲಿ ಒದ್ದೆ ಪದರವೇ ಹೆಚ್ಚಿನ ಪಾಲು. ಹಲವು ಗಿಡಗಳನ್ನು ಸೇರಿಸಿ ನೆಡಲು ಜನ ಸಾಮಾನ್ಯವಾಗಿ ಆರಿಸಿಕೊಳ್ಳುವುದು ಇಂಥ ತಗ್ಗು ಬಟ್ಟಲನ್ನೇ, ಅದೂ ಕೆಲವೊಮ್ಮೆ ತಳದಲ್ಲಿ ತೂತೇ ಇಲ್ಲದ್ದನ್ನು. ತಳಕ್ಕೆ ಜಲ್ಲಿಕಲ್ಲು ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಆದರೆ ಸಣ್ಣ ಕಣಗಳ ಮಣ್ಣು ತನ್ನಲ್ಲಿ ಹಿಡಿದ ನೀರನ್ನು ದೊಡ್ಡ ಸಂದುಗಳಿರುವ ಕಲ್ಲಿನ ಪದರಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲೆ ಹೋಗಿ ಕೂರುತ್ತದೆ, ಬೇರುಗಳಿಗೆ ಉಳಿದ ಒಣಜಾಗ ಇನ್ನಷ್ಟು ಕಡಿಮೆಯಾಗುತ್ತದೆ. ತೂತಿಲ್ಲದ ಪಾತ್ರೆಗೆ ಜಲ್ಲಿ ಪರಿಹಾರವಲ್ಲ. ತೂತು ಕೊರೆಯುವುದೇ ಪರಿಹಾರ.

ಒದ್ದೆಯಿಂದ ಬೇರಿಗೆ ಆಗುವ ತೊಂದರೆ ನೀರಿನಿಂದ ನೇರವಾಗಿ ಬರುವಂಥದ್ದಲ್ಲ. ಬೇರುಗಳೂ ಉಸಿರಾಡುತ್ತವೆ, ಅವಕ್ಕೂ ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇದ್ದಾಗ ಆಮ್ಲಜನಕ ಬೇರಿನವರೆಗೆ ಸಲೀಸಾಗಿ ಹರಡುತ್ತದೆ. ಆ ಸಂದುಗಳು ನೀರಿನಿಂದ ತುಂಬಿದಾಗ ಹರಡುವ ವೇಗ ಸುಮಾರು 10,000 ಪಟ್ಟು ಕುಗ್ಗುತ್ತದೆ. ಉಸಿರುಕಟ್ಟಿದ ಬೇರಿನ ತುದಿಗಳು ಸತ್ತು, ಪಿಥಿಯಂ, ಫೈಟಾಫ್ತೊರಾ ಮೊದಲಾದ ಸೂಕ್ಷ್ಮಜೀವಿಗಳು ಅಲ್ಲಿ ನೆಲೆಯೂರುತ್ತವೆ. ಇದನ್ನೇ ನಾವು ಬೇರುಕೊಳೆ ಎನ್ನುತ್ತೇವೆ. ಬೇರು ಕೊಳೆತ ಗಿಡಕ್ಕೆ ನೀರನ್ನು ಮೇಲಕ್ಕೆಳೆಯುವ ಶಕ್ತಿ ಇಲ್ಲದ್ದರಿಂದ ಅದರ ಎಲೆಗಳು ಬಾಡುತ್ತವೆ. ಬಾಡಿದ್ದನ್ನು ಕಂಡು ಮತ್ತಷ್ಟು ನೀರು ಹಾಕುವುದು ಸಹಜವಾಗಿ ಆಗುವ ತಪ್ಪು. ಒಂದೇ ಗಿಡವಿರುವ ಕುಂಡದಲ್ಲಿ ಈ ತಪ್ಪನ್ನು ಬೇಗ ಗುರುತಿಸಬಹುದು. ನಾಲ್ಕು ಗಿಡಗಳಿರುವಲ್ಲಿ ಪಕ್ಕದ ಗಿಡ ಹಸಿರಾಗಿ ನಗುತ್ತಿರುವಾಗ ಯಾವುದರ ಮಾತನ್ನು ನಂಬಬೇಕು ಎಂಬುದೇ ತಿಳಿಯುವುದಿಲ್ಲ.

ಇನ್ನು ಗಿಡಗಳ ಕಡೆಗೆ ಬರೋಣ. ಕ್ಯಾಕ್ಟಸ್, ಎಚೆವೇರಿಯಾ, ಜೇಡ್ ಪ್ಲಾಂಟ್, ಸ್ನೇಕ್ ಪ್ಲಾಂಟ್ ಇವೆಲ್ಲ ಹಗಲಿನಲ್ಲಿ ಪತ್ರರಂಧ್ರಗಳನ್ನು, ಅಂದರೆ ಗಾಳಿ, ನೀರಾವಿ ಓಡಾಡುವ ಅತಿ ಸಣ್ಣ ತೂತುಗಳನ್ನು, ಬಹುಮಟ್ಟಿಗೆ ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು, ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬೆಳಕಿನಲ್ಲಿ ಬಳಸಿಕೊಳ್ಳುತ್ತವೆ. ಬಿಸಿಲಿನ ಹೊತ್ತಿನಲ್ಲಿ ರಂಧ್ರ ಮುಚ್ಚಿರುವುದರಿಂದ ಎಲೆಯಿಂದ ಆವಿಯಾಗಿ ಹೋಗುವ ನೀರು ಅತ್ಯಲ್ಪ. ದಪ್ಪ ಎಲೆ, ಕಾಂಡ, ಮಣ್ಣಿನಡಿ ಬೆಳೆಯುವ ಗುಪ್ತಕಾಂಡಗಳಲ್ಲಿ ನೀರಿನ ಸಂಗ್ರಹವೂ ಇರುತ್ತದೆ. ಪೀಸ್ ಲಿಲಿ, ಕಲಾಥಿಯಾ, ಜರೀಗಿಡಗಳದ್ದು ಬೇರೆಯೇ ಸಂಸಾರ. ತೆಳುವಾದ ಅಗಲ ಎಲೆಗಳಿಂದ ಹಗಲೆಲ್ಲ ನೀರನ್ನು ಹೊರಬಿಡುತ್ತಾ, ಅದನ್ನು ತುಂಬಿಕೊಳ್ಳಲು ಮಣ್ಣಿನಿಂದ ಎಳೆದುಕೊಳ್ಳುತ್ತಲೇ ಇರಬೇಕು. ಮೊದಲನೆಯ ಗುಂಪು ಕುಡಿಯದೆ ಬಿಟ್ಟ ನೀರು ಅದರ ಬೇರಿನ ಸುತ್ತಲೇ ನಿಲ್ಲುತ್ತದೆ. ಎರಡನೆಯ ಗುಂಪಿನ ಬೇರು ಇರುವ ಬದಿ ಮಾತ್ರ ಬೇಗ ಒಣಗುತ್ತದೆ.

ಇಂಥ ಒಂದು ಜೋಡಿಯನ್ನು ನಾನು ಕುಂಡದಿಂದ ಬಿಚ್ಚಿ ನೋಡಿದ್ದೇನೆ: ಸುಮಾರು 25 ಸೆಂಟಿಮೀಟರ್ ಅಗಲದ ಒಂದು ಕುಂಡದಲ್ಲಿ ಪೀಸ್ ಲಿಲಿ ಮತ್ತು ಸ್ನೇಕ್ ಪ್ಲಾಂಟ್ ಎರಡೂ ಇದ್ದವು. ಮೇಲ್ಮಣ್ಣು ಎಲ್ಲೆಡೆ ಒಂದೇ ಸಮನೆ ಒಣಗಿದಂತೆ ಕಾಣುತ್ತಿತ್ತು. ಬೇರು ಮಣ್ಣು ಕೂಡಿದ ಹೆಂಟೆಯನ್ನು ಹೊರತೆಗೆದು ಮಧ್ಯಕ್ಕೆ ಸೀಳಿದಾಗ ಪೀಸ್ ಲಿಲಿಯ ಬದಿಯ ಮಣ್ಣು ಬಿಳಿಬೇರುಗಳ ಬಲೆಯಲ್ಲಿ ಬಿಗಿದುಕೊಂಡು ಪುಡಿಪುಡಿಯಾಗಿತ್ತು. ಇನ್ನೊಂದು ಬದಿಯ ಮಣ್ಣು ಕಪ್ಪಾಗಿ, ಹಿಂಡಿದರೆ ನೀರು ಜಿನುಗುವಷ್ಟು ಒದ್ದೆಯಾಗಿತ್ತು. ಅಲ್ಲಿದ್ದ ಗುಪ್ತಕಾಂಡವನ್ನು ಒತ್ತಿದರೆ ಬೆರಳು ಒಳಗೇ ಇಳಿಯಿತು, ಕೊಳೆತ ವಾಸನೆ ಬಂತು. ಎರಡು ಬದಿಗಳ ನಡುವಿನ ಅಂತರ ಒಂದು ಗೇಣಿಗಿಂತಲೂ ಕಡಿಮೆ. ಹಲವು ಗಿಡಗಳಿರುವ ಕುಂಡದಲ್ಲಿ ಬೆರಳಿನಿಂದ ಒಂದೇ ಕಡೆ ಮುಟ್ಟಿನೋಡಿ ನೀರು ಹಾಕುವುದು ಏಕೆ ಸಾಲದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ. ತೆಳುವಾದ ಮರದ ಕಡ್ಡಿಯೊಂದನ್ನು ಪ್ರತಿ ಗಿಡದ ಬುಡದ ಪಕ್ಕ ತಳದವರೆಗೆ ಇಳಿಸಿ, ಕೆಲವು ನಿಮಿಷ ಬಿಟ್ಟು ತೆಗೆದರೆ ಎಲ್ಲಿಯವರೆಗೆ ತೇವವಿದೆ ಎಂಬುದು ಕಡ್ಡಿಯ ಬಣ್ಣದಿಂದಲೇ ತಿಳಿಯುತ್ತದೆ.

ಗಿಡಗಳ ಕುಲಗೋತ್ರ ನೋಡಿ ಜೊತೆ ಕೂಡಿಸುವುದೂ ನಂಬಿಕೆಗೆ ಅರ್ಹವಾದ ದಾರಿಯಲ್ಲ. ಪೀಸ್ ಲಿಲಿ, ಮನಿ ಪ್ಲಾಂಟ್, ಜೀಜೀ ಪ್ಲಾಂಟ್ ಮೂರೂ ಕೆಸುವಿನ ಕುಟುಂಬದವು. ಪೀಸ್ ಲಿಲಿಗೆ ಮಣ್ಣಿನ ತೇವ ಆರಿದ ಕೂಡಲೇ ಎಲೆ ಜೋತುಬೀಳುತ್ತದೆ. ಮನಿ ಪ್ಲಾಂಟ್ ಮೇಲಿನ ಎರಡು ಮೂರು ಸೆಂಟಿಮೀಟರ್ ಒಣಗಿದರೂ ಸಹಿಸುತ್ತದೆ. ಮಣ್ಣಿನ ಕೆಳಗೆ ಗೆಡ್ಡೆಯಂಥ ಗುಪ್ತಕಾಂಡಗಳಲ್ಲಿ ನೀರು ತುಂಬಿಟ್ಟುಕೊಂಡ ಜೀಜೀ ಪ್ಲಾಂಟ್ ವಾರಗಟ್ಟಲೆ ಒಣಮಣ್ಣಿನಲ್ಲಿ ನೆಮ್ಮದಿಯಿಂದ ಇರುತ್ತದೆ. ಮನೆ ಬೇರೆಯಾದರೆ ಬೆಳಕು, ಸೆಕೆ, ಗಾಳಿಯಾಟ ಬೇರೆಯಾಗುವುದರಿಂದ ಪುಸ್ತಕದಲ್ಲಿ ಬರೆದ ದಿನಗಳ ಲೆಕ್ಕವೂ ಪೂರ್ತಿ ಹೊಂದುವುದಿಲ್ಲ. ಆದ್ದರಿಂದ ಒಂದು ಸರಳ ಪರೀಕ್ಷೆಯನ್ನು ಮಾಡಿಕೊಳ್ಳುವುದು ಒಳ್ಳೆಯದು. ಸೇರಿಸಬೇಕೆಂದಿರುವ ಗಿಡಗಳನ್ನು ಒಂದೇ ಅಳತೆಯ ಬೇರೆ ಬೇರೆ ಕುಂಡಗಳಲ್ಲಿ, ಒಂದೇ ಬಗೆಯ ಮಣ್ಣಿನಲ್ಲಿ, ಮುಂದೆ ಒಟ್ಟಿಗೆ ಇಡಬೇಕೆಂದಿರುವ ಜಾಗದಲ್ಲೇ ನಾಲ್ಕು ವಾರ ಅಕ್ಕಪಕ್ಕ ಇಡಿ. ಎಲ್ಲಕ್ಕೂ ಒಂದೇ ದಿನ ನೀರು ಹಾಕಿ, ಪ್ರತಿಯೊಂದಕ್ಕೂ ಮತ್ತೆ ಯಾವ ದಿನ ನೀರು ಬೇಕಾಯಿತು ಎಂಬುದನ್ನು ಬರೆದಿಡಿ. ಒಂದಕ್ಕೆ ಐದನೆಯ ದಿನ, ಇನ್ನೊಂದಕ್ಕೆ ಆರನೆಯ ಅಥವಾ ಏಳನೆಯ ದಿನ ಬೇಕಾದರೆ ಅವು ಒಂದೇ ಕುಂಡದಲ್ಲಿ ಬಾಳಬಲ್ಲವು. ಒಂದಕ್ಕೆ ಐದನೆಯ ದಿನ, ಇನ್ನೊಂದಕ್ಕೆ ಇಪ್ಪತ್ತನೆಯ ದಿನ ಎಂದಾದರೆ ಆ ಮದುವೆ ಬೇಡ. ಈ ಪರೀಕ್ಷೆಯಿಂದ ಇನ್ನೊಂದು ಪ್ರಯೋಜನವೂ ಇದೆ: ಅಂಗಡಿಯಿಂದ ತಂದ ಗಿಡದಲ್ಲಿ ಹಿಟ್ಟುತಿಗಣೆಯೋ ನುಸಿಯೋ ಅಡಗಿದ್ದರೆ ಅಷ್ಟರೊಳಗೆ ಕಣ್ಣಿಗೆ ಬಿದ್ದಿರುತ್ತದೆ. ಅಂಥ ಹೊಸ ಗಿಡವನ್ನು ಮಾತ್ರ ಈ ಅವಧಿಯಲ್ಲಿ ಉಳಿದವುಗಳ ಎಲೆ ತಾಗದಷ್ಟು ದೂರದಲ್ಲಿ ಇಡಬೇಕು.

ನೀರು ಹೊಂದಿದ ಮೇಲೆ ನೋಡಬೇಕಾದದ್ದು ಬೆಳಕು. ನಮ್ಮ ಕಣ್ಣು ಬೆಳಕಿನ ಏರಿಳಿತಕ್ಕೆ ಬಹಳ ಬೇಗ ಒಗ್ಗಿಕೊಳ್ಳುವುದರಿಂದ ಕೋಣೆಯ ಎಲ್ಲ ಮೂಲೆಗಳೂ ಬೆಳಕಾಗಿಯೇ ಕಾಣುತ್ತವೆ. ಬೆಳಕನ್ನು ಅಳೆಯುವ ಮಾನ ಲಕ್ಸ್. ಬಯಲಿನಲ್ಲಿ ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್ ಇದ್ದರೆ, ಕಿಟಕಿಯಿಂದ ಕೆಲವು ಮೀಟರ್ ಒಳಗೆ ಅದು ಕೆಲವು ನೂರು ಲಕ್ಸ್‌ಗೆ ಇಳಿದಿರಬಹುದು. ಒಂದೇ ಕುಂಡದಲ್ಲಿದ್ದ ಮಾತ್ರಕ್ಕೆ ಎಲ್ಲ ಗಿಡಗಳಿಗೂ ಒಂದೇ ಬೆಳಕು ಸಿಗುವುದೂ ಇಲ್ಲ. ಎತ್ತರದ ಗಿಡ ಕಿಟಕಿಯ ಕಡೆಗಿದ್ದರೆ ಅದರ ಹಿಂದಿನದು ನೆರಳಿನಲ್ಲಿ ಉಳಿಯುತ್ತದೆ. ಇದನ್ನು ಅನುಕೂಲವಾಗಿಯೂ ಬಳಸಿಕೊಳ್ಳಬಹುದು: ಡ್ರಸೀನಾದಂಥ ನೆಟ್ಟನೆಯ ಗಿಡದ ಕೆಳಗೆ, ನೇರ ಬಿಸಿಲು ತಾಗಿದರೆ ಎಲೆ ಸುಟ್ಟುಕೊಳ್ಳುವ ಸಿಂಗೋನಿಯಂ, ಹೃದಯಾಕಾರದ ಎಲೆಯ ಫಿಲೊಡೆಂಡ್ರಾನ್‌ಗಳು ಚೆನ್ನಾಗಿ ಬರುತ್ತವೆ. ಆದರೆ ಎಚೆವೇರಿಯಾವನ್ನು ಅದೇ ನೆರಳಿನಲ್ಲಿ ನೆಟ್ಟರೆ ಬೆಳಕನ್ನು ಅರಸುತ್ತಾ ಕಾಂಡ ಸಣಕಲಾಗಿ ಉದ್ದವಾಗುತ್ತದೆ, ಗುಲಾಬಿಯಂಥ ಎಲೆಸುತ್ತು ಬಿಚ್ಚಿಹೋಗುತ್ತದೆ.

ಒಂದೇ ಜಾತಿಯ ಗಿಡಗಳನ್ನು ಸೇರಿಸುವುದರಲ್ಲಿ ತೊಂದರೆಯೇ ಇಲ್ಲವೆಂದು ಹಲವರು ತಿಳಿಯುತ್ತಾರೆ. ಅದು ಬಹುಮಟ್ಟಿಗೆ ಸರಿ. ಅಂಗಡಿಯಲ್ಲಿ ತುಂಬಿತುಳುಕುವಂತೆ ಕಾಣುವ ಒಂದು ಮನಿ ಪ್ಲಾಂಟಿನ ಕುಂಡವನ್ನು ಬಿಡಿಸಿ ನೋಡಿದರೆ ಅದರಲ್ಲಿ ಸಾಮಾನ್ಯವಾಗಿ ಹಲವು ಬೇರೆ ಬೇರೆ ತುಂಡುಗಳು ಬೇರುಬಿಟ್ಟಿರುತ್ತವೆ. ಒಂದು ಗಿಡ ಎಂದು ಮನೆಗೆ ತಂದದ್ದು ವಾಸ್ತವದಲ್ಲಿ ಒಂದು ಗುಂಪು. ಆದರೆ ಒಂದೇ ಜಾತಿಯೊಳಗೂ ಬಲಾಬಲಗಳಿವೆ. ಪೂರ್ತಿ ಹಸಿರೆಲೆಯ ಮನಿ ಪ್ಲಾಂಟಿನ ಜೊತೆಗೆ, ಎಲೆಯಲ್ಲಿ ಅರ್ಧಕ್ಕರ್ಧ ಬಿಳಿ ಇರುವ ಮಾರ್ಬಲ್ ಕ್ವೀನ್ ತಳಿಯನ್ನು ನೆಟ್ಟರೆ ಏನಾಗುತ್ತದೆ? ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದ ಕಾರಣ ಮಾರ್ಬಲ್ ಕ್ವೀನ್ ಆಹಾರ ತಯಾರಿಸುವುದು ಕಡಿಮೆ, ಬೆಳೆಯುವುದು ನಿಧಾನ. ಕಾಲ ಕಳೆದಂತೆ ಹಸಿರು ಬಳ್ಳಿ ಮುಂದೆ ಹೋಗಿ, ಮೇಲೆ ಹರಡಿ ಬೆಳಕನ್ನೂ ಕೆಳಗೆ ಹರಡಿ ಮಣ್ಣನ್ನೂ ಆಕ್ರಮಿಸಿರುತ್ತದೆ. ಎರಡನ್ನೂ ಉಳಿಸಿಕೊಳ್ಳಬೇಕೆಂದರೆ ಹಸಿರು ಬಳ್ಳಿಯನ್ನು ಆಗಾಗ ಕತ್ತರಿಸುತ್ತಿರಬೇಕು, ನಿಧಾನದ ತಳಿಯನ್ನು ಬೆಳಕಿನ ಬದಿಗೆ ಇಡಬೇಕು.

ಬೇರುಗಳ ನಡುವಿನ ಪೈಪೋಟಿ ಕಣ್ಣಿಗೆ ಕಾಣದಿದ್ದರೂ ಅದರ ಪರಿಣಾಮ ದೊಡ್ಡದು. ಸಸ್ಯವಿಜ್ಞಾನಿ ಹೆಂಡ್ರಿಕ್ ಪೂರ್ಟರ್ ಮತ್ತು ಸಂಗಡಿಗರು 2012ರಲ್ಲಿ 65 ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕುಂಡದ ಗಾತ್ರವನ್ನು ಎರಡರಷ್ಟು ಮಾಡಿದರೆ ಗಿಡದ ಒಟ್ಟು ಬೆಳವಣಿಗೆ ಸರಾಸರಿ ಶೇ. 43ರಷ್ಟು ಹೆಚ್ಚುತ್ತದೆ ಎಂದು ಕಂಡುಬಂತು. ಇದನ್ನು ತಿರುಗಿಸಿ ಯೋಚಿಸಿದರೆ, ಒಂದು ಗಿಡದ ಪಾಲಿನ ಮಣ್ಣಿಗೆ ನೆರೆಯ ಬೇರು ಬಂದಾಗ ಗಿಡ ತನ್ನ ಪೂರ್ತಿ ಎತ್ತರಕ್ಕೆ ಬೆಳೆಯದಿರುವುದು ಸಹಜ. ಮನೆಯೊಳಗೆ ಇದು ಎಲ್ಲ ಸಲವೂ ಕೆಡುಕಲ್ಲ. ನಿಧಾನ ಬೆಳವಣಿಗೆಯೇ ಬೇಕೆನ್ನುವವರೂ ಇದ್ದಾರೆ. ಆದರೆ ಬೇರುಗಳ ಸ್ವಭಾವ ತಿಳಿದಿರಬೇಕು. ಸ್ಪೈಡರ್ ಪ್ಲಾಂಟ್ ಬೆರಳಿನಂಥ ದಪ್ಪ ಬಿಳಿಬೇರುಗಳನ್ನು ಬಿಟ್ಟು ಮಣ್ಣನ್ನೇ ಮೇಲಕ್ಕೆತ್ತುತ್ತದೆ. ಹೆಸರಿನಲ್ಲಿ ಫರ್ನ್ ಎಂದಿದ್ದರೂ ಜರೀಗಿಡವಲ್ಲದ ಆಸ್ಪರಾಗಸ್ ಫರ್ನ್ ಸಣ್ಣ ಸಣ್ಣ ಗೆಡ್ಡೆಗಳಿಂದ ಕುಂಡ ತುಂಬುತ್ತದೆ. ಸ್ನೇಕ್ ಪ್ಲಾಂಟಿನ ಗುಪ್ತಕಾಂಡಕ್ಕೆ ಪ್ಲಾಸ್ಟಿಕ್ ಕುಂಡವನ್ನು ಸೀಳುವ ಬಲವಿದೆ. ಇವುಗಳ ಪಕ್ಕದಲ್ಲಿ ಫಿಟೋನಿಯಾ, ಪೆಪೆರೋಮಿಯಾಗಳಂಥ ಎಳೆಬೇರಿನ ಪುಟ್ಟ ಗಿಡಗಳನ್ನು ನೆಡುವುದು ಅನ್ಯಾಯ.

ಹಾಗಾದರೆ ಯಾವುದನ್ನು ಸೇರಿಸಬಹುದು? ನನಗೆ ಎಲ್ಲಕ್ಕಿಂತ ಭರವಸೆಯ ಗುಂಪೆನಿಸುವುದು ಮನಿ ಪ್ಲಾಂಟ್, ಹೃದಯಾಕಾರದ ಎಲೆಯ ಫಿಲೊಡೆಂಡ್ರಾನ್ ಮತ್ತು ಸಿಂಗೋನಿಯಂ. ಮೂರರ ಬಾಯಾರಿಕೆಯೂ ಹತ್ತಿರ ಹತ್ತಿರ, ಮೂರೂ ಕಿಟಕಿಯ ಬಳಿಯ ಹದವಾದ ಬೆಳಕನ್ನು ಒಪ್ಪುತ್ತವೆ, ಯಾವುದು ಅತಿಯಾಗಿ ಬೆಳೆದರೂ ಕತ್ತರಿಸಿದ ತುಂಡು ಮತ್ತೆ ಬೇರುಬಿಡುತ್ತದೆ. ಈ ಗುಂಪಿಗೆ ಇನ್ನೊಂದು ಅನುಕೂಲವಿದೆ: ಮೂರರ ತುಂಡುಗಳನ್ನೂ ಒಂದೇ ದಿನ ಒಂದೇ ಕುಂಡದಲ್ಲಿ ಊರಿ ಆರಂಭಿಸಬಹುದು. ಒಟ್ಟಿಗೆ ಚಿಗುರಿದ ಗಿಡಗಳ ಬೇರುಗಳು ಸಮಬಲದಿಂದ ಜಾಗ ಹಂಚಿಕೊಳ್ಳುತ್ತವೆ. ತೇವವನ್ನೂ ಮಂದಬೆಳಕನ್ನೂ ಬಯಸುವ ಮರಂಟಾ, ಫಿಟೋನಿಯಾ, ಸಣ್ಣ ಜರೀಗಿಡಗಳು ಇನ್ನೊಂದು ಸಂಸಾರ; ಇವುಗಳಿಗೆ ಗಾಳಿಯಲ್ಲೂ ತೇವಾಂಶ ಬೇಕಾದ್ದರಿಂದ ಗಾಜಿನ ಪಾತ್ರೆಯೊಳಗೆ ಹೆಚ್ಚು ಸುಖವಾಗಿರುತ್ತವೆ. ಒಣಮಣ್ಣನ್ನು ಮೆಚ್ಚುವವುಗಳಲ್ಲಿ ಹಾವೋರ್ಥಿಯಾ ಮತ್ತು ಗ್ಯಾಸ್ಟೇರಿಯಾ ಒಳ್ಳೆಯ ಜೊತೆ: ಎರಡೂ ಪುಟ್ಟವು, ನಿಧಾನಿಗಳು, ಉಳಿದ ರಸಭರಿತ ಗಿಡಗಳಿಗಿಂತ ಕಡಿಮೆ ಬೆಳಕಿನಲ್ಲೂ ಆಕಾರ ಕೆಡಿಸಿಕೊಳ್ಳುವುದಿಲ್ಲ. ಸ್ನೇಕ್ ಪ್ಲಾಂಟನ್ನು ಜೀಜೀ ಪ್ಲಾಂಟಿನೊಡನೆ ನೆಡಬಹುದು, ಆದರೆ ಎರಡರ ಗುಪ್ತಕಾಂಡಗಳೂ ದಪ್ಪವಾಗುವುದರಿಂದ ಗಟ್ಟಿಯಾದ, ಅಗಲವಾದ ಕುಂಡ ಬೇಕು.

ಗಾಜಿನ ಪಾತ್ರೆಯ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಷಾ ವಾರ್ಡ್ 1829ರ ಸುಮಾರಿಗೆ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಮುಚ್ಚಳವಿರುವ ಬಾಟಲಿಯಲ್ಲಿ ಇಟ್ಟಿದ್ದರು. ಅವರು ಕಾಯುತ್ತಿದ್ದುದು ಪತಂಗಕ್ಕಾಗಿ. ಆ ಮಣ್ಣಿನಿಂದ ತಾವಾಗಿಯೇ ಮೊಳೆತದ್ದು ಎರಡು ಗಿಡಗಳು, ಒಂದು ಜರೀಗಿಡ ಮತ್ತು ಒಂದು ಹುಲ್ಲು. ನಗರದ ಹೊಗೆಯಲ್ಲಿ ಜರೀಗಿಡಗಳನ್ನು ಬೆಳೆಸಲಾಗದೆ ಸೋತಿದ್ದ ವಾರ್ಡ್, ಬಾಟಲಿಯೊಳಗೆ ಹಗಲು ಆವಿಯಾದ ನೀರು ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಮಣ್ಣಿಗೆ ಇಳಿಯುವುದನ್ನು ಗಮನಿಸಿದರು. ಸುಮಾರು ನಾಲ್ಕು ವರ್ಷ ಆ ಎರಡು ಗಿಡಗಳು ಅದರೊಳಗೆ ಒಟ್ಟಿಗೆ ಬದುಕಿದವು. ಮುಚ್ಚಿದ ಪಾತ್ರೆಯಲ್ಲಿ ಮಣ್ಣು ಒಣಗುವುದೇ ಇಲ್ಲ ಎನ್ನುವಷ್ಟು ನಿಧಾನ. ತೇವವನ್ನು ಪ್ರೀತಿಸುವ ಗಿಡಗಳಿಗೆ ಅದು ವರ. ಕ್ಯಾಕ್ಟಸ್, ಲೋಳೆಸರಗಳಿಗೆ ಸಾವು. ಮುಚ್ಚಿದ ಗಾಜಿನೊಳಗೆ ರಸಭರಿತ ಗಿಡಗಳನ್ನಿಟ್ಟು ಮಾರುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ.

ಯಾರೊಡನೆಯೂ ಕುಂಡ ಹಂಚಿಕೊಳ್ಳಬಾರದ ಗಿಡಗಳೂ ಕೆಲವಿವೆ. ಕೆಲಾಡಿಯಂ ವರ್ಷದ ಒಂದು ಭಾಗದಲ್ಲಿ ಎಲೆಯನ್ನೆಲ್ಲ ಉದುರಿಸಿ ಗೆಡ್ಡೆಯಾಗಿ ಮಲಗುತ್ತದೆ. ಆಗ ನೆರೆಯ ಗಿಡಕ್ಕೆಂದು ಹಾಕಿದ ನೀರು ಆ ಗೆಡ್ಡೆಯನ್ನು ಕೊಳೆಸುತ್ತದೆ. ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವ ಆರ್ಕಿಡ್‌ಗಳ ಬೇರಿಗೆ ಸುತ್ತ ಗಾಳಿಯಾಡಬೇಕು, ಸಾಮಾನ್ಯ ಮಣ್ಣಿನಲ್ಲಿ ಅವು ಉಸಿರುಕಟ್ಟುತ್ತವೆ. ನೊಣಹಿಡಿಯುವ ವೀನಸ್ ಫ್ಲೈಟ್ರಾಪ್‌ನಂಥ ಗಿಡಗಳು ಸಾರವಿಲ್ಲದ ಜೌಗುಮಣ್ಣಿಗೆ ಒಗ್ಗಿದವು. ಉಳಿದ ಗಿಡಗಳಿಗೆ ಬೇಕಾದ ಗೊಬ್ಬರವೇ ಅವುಗಳ ಬೇರಿಗೆ ವಿಷ.

ನೆಡುವ ಕೆಲಸದಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮವಿದೆ. ಬೇರೆ ಬೇರೆ ಕಡೆಯಿಂದ ತಂದ ಗಿಡಗಳ ಬುಡದ ಹೆಂಟೆಗಳು ಬೇರೆ ಬೇರೆ ಮಣ್ಣಿನವಾಗಿರುತ್ತವೆ: ಒಂದರದ್ದು ಬರೀ ಕೊಕೊಪೀಟ್ (ತೆಂಗಿನನಾರಿನ ಪುಡಿ), ಇನ್ನೊಂದರದ್ದು ಜಿಗುಟು ಕೆಂಪುಮಣ್ಣು. ಹೆಂಟೆಯನ್ನು ಹಾಗೆಯೇ ಹೊಸ ಮಣ್ಣಿನಲ್ಲಿ ಇಟ್ಟು ಮುಚ್ಚಿದರೆ, ಸ್ಪಂಜಿನಲ್ಲಿ ಕಂಡಂತೆ ಸಣ್ಣ ಕಣದ ಮಣ್ಣು ನೀರನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುತ್ತದೆ. ಪೂರ್ತಿ ಒಣಗಿದ ಕೊಕೊಪೀಟ್ ಹೆಂಟೆಯಂತೂ ನೀರನ್ನು ಒಳಗೆ ಬಿಟ್ಟುಕೊಳ್ಳಲು ತಡಮಾಡುತ್ತದೆ, ನೀರು ಅದರ ಪಕ್ಕದಿಂದಲೇ ಹರಿದುಹೋಗುತ್ತದೆ. ಸುತ್ತಲೂ ಒದ್ದೆ, ಒಳಗೆ ಒಣ ಎಂಬ ಸ್ಥಿತಿಯಲ್ಲಿ ಗಿಡ ಬಾಡುತ್ತದೆ. ಆದ್ದರಿಂದ ನೆಡುವ ಮೊದಲು ಎಲ್ಲ ಹೆಂಟೆಗಳನ್ನೂ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಬೆರಳಿನಿಂದ ಮೃದುವಾಗಿ ಬಿಡಿಸಿ, ಹಳೆಯ ಮಣ್ಣನ್ನು ಬೇರಿಗೆ ಗಾಯವಾಗದಷ್ಟರ ಮಟ್ಟಿಗೆ ಉದುರಿಸಿ, ಎಲ್ಲವನ್ನೂ ಒಂದೇ ಮಿಶ್ರಣದಲ್ಲಿ ನೆಡಬೇಕು. ಎಲೆಗಿಡಗಳಿಗೆ ಎರಡು ಪಾಲು ಕೊಕೊಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿಯ ಖನಿಜದ ಹರಳು) ಸಾಕು. ರಸಭರಿತ ಗಿಡಗಳಿಗೆ ದಪ್ಪ ಮರಳು, ಪರ್ಲೈಟ್‌ಗಳಂಥ ಖನಿಜ ಭಾಗ ಅರ್ಧಕ್ಕಿಂತ ಹೆಚ್ಚಿರಲಿ. ಪ್ರತಿ ಗಿಡವೂ ಹಿಂದಿನ ಕುಂಡದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿರಬೇಕು, ಬುಡ ಮಣ್ಣಿನಲ್ಲಿ ಹೂತುಹೋಗಬಾರದು. ಸುಮಾರು 10 ಸೆಂಟಿಮೀಟರ್ ಕುಂಡಗಳಿಂದ ತೆಗೆದ ಮೂರು ಗಿಡಗಳಿಗೆ 25 ಸೆಂಟಿಮೀಟರ್ ಅಗಲದ ಕುಂಡ ಹೊಂದುತ್ತದೆ. ಮುಂದೆ ಬೆಳೆಯುತ್ತದೆಂದು ಅತಿ ದೊಡ್ಡದನ್ನು ಆರಿಸಿದರೆ ಬೇರು ತಲುಪದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ.

ನೆಟ್ಟ ಮೇಲಿನ ಆರೈಕೆಯಲ್ಲಿ ಗುಂಪಿನ ಒಂದು ಗಿಡವನ್ನು ಸೂಚಕವಾಗಿ ಇಟ್ಟುಕೊಳ್ಳುವುದು ಉಪಯುಕ್ತ. ತೇವಪ್ರಿಯ ಗುಂಪಿನಲ್ಲಿ ಫಿಟೋನಿಯಾ ಎಲ್ಲಕ್ಕಿಂತ ಮೊದಲು ಸೊರಗಿ ಬೀಳುತ್ತದೆ, ನೀರು ಕೊಟ್ಟ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಅದು ತಲೆಬಾಗಿಸಿದ ದಿನವೇ ಇಡೀ ಕುಂಡಕ್ಕೆ ನೀರಿನ ದಿನ. ನೀರನ್ನು ಒಂದೇ ಗಿಡದ ಬುಡಕ್ಕೆ ಸುರಿಯದೆ ಸುತ್ತಲೂ, ತಳದ ತೂತಿನಿಂದ ಹೊರಬರುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಗೊಬ್ಬರದ ವಿಷಯದಲ್ಲಿ ಗುಂಪಿನಲ್ಲಿ ನಿಧಾನವಾಗಿ ಬೆಳೆಯುವ ಗಿಡದ ಅಗತ್ಯವನ್ನೇ ಅಳತೆಯಾಗಿ ಇಟ್ಟುಕೊಳ್ಳಬೇಕು. ಡಬ್ಬಿಯ ಮೇಲೆ ಹೇಳಿದ್ದರ ಅರ್ಧದಷ್ಟು ಸಾಕು. ಗಿಡ ಬಳಸದೆ ಉಳಿದ ಲವಣಗಳು ಮೇಲ್ಮಣ್ಣಿನಲ್ಲಿ ಬಿಳಿಯ ಪೊರೆಯಾಗಿ ಕಾಣಿಸಿದಾಗ ಧಾರಾಳ ನೀರಿನಿಂದ ಮಣ್ಣನ್ನು ತೊಳೆದು ಬಸಿಯಬೇಕು.

ಕೀಟಗಳ ವಿಷಯದಲ್ಲಿ ಕೂಡುಕುಂಡ ನಿಜಕ್ಕೂ ದುರ್ಬಲ. ಎಲೆಗೆ ಎಲೆ ತಾಗಿಕೊಂಡಿರುವುದರಿಂದ ಹಿಟ್ಟುತಿಗಣೆಯ ಮರಿಗಳು ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗುತ್ತವೆ, ರೋಗಬಿದ್ದ ಗಿಡವನ್ನು ಪ್ರತ್ಯೇಕಿಸುವ ಅವಕಾಶವೂ ಇರುವುದಿಲ್ಲ. ವಾರಕ್ಕೊಮ್ಮೆ ಎಲೆಯ ಅಡಿಭಾಗವನ್ನೂ ಕಾಂಡದ ಸಂದುಗಳನ್ನೂ ನೋಡುವ ಅಭ್ಯಾಸವಿದ್ದರೆ ಹತ್ತಿಯಂಥ ಬಿಳಿ ಮುದ್ದೆ ಒಂದೆರಡು ಇರುವಾಗಲೇ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬಹುದು.

ಇಷ್ಟೆಲ್ಲ ತಿಳಿದ ಮೇಲೂ ಹೊಂದದ ಗಿಡಗಳನ್ನೇ ಒಟ್ಟಿಗೆ ನೋಡುವ ಆಸೆ ಉಳಿದಿದ್ದರೆ ಅದಕ್ಕೂ ದಾರಿಯಿದೆ. ದೊಡ್ಡ ಕುಂಡವೊಂದರಲ್ಲಿ ಪ್ರತಿ ಗಿಡವನ್ನೂ ಅದರದೇ ಪುಟ್ಟ ಕುಂಡದ ಸಮೇತ ಇಳಿಸಿ, ಅಂಚುಗಳು ಕಾಣದಂತೆ ನಡುವಿನ ಜಾಗವನ್ನು ತೆಂಗಿನನಾರಿನಿಂದಲೋ ಒಣ ಪಾಚಿಯಿಂದಲೋ ತುಂಬಿದರೆ ಹೊರಗಿನಿಂದ ಒಂದೇ ತೋಟ, ಒಳಗೆ ಪ್ರತಿಯೊಂದಕ್ಕೂ ಬೇರೆ ಮಣ್ಣು, ಬೇರೆ ನೀರು. ಆರ್ಕಿಡ್ ಅನ್ನು ಜರೀಗಿಡದ ಪಕ್ಕ ಇಡಬಹುದು, ಕೆಲಾಡಿಯಂ ಮಲಗಿದಾಗ ಅದರ ಕುಂಡವನ್ನಷ್ಟೇ ಎತ್ತಿ ಇನ್ನೊಂದನ್ನು ಇಳಿಸಬಹುದು. ಮೊದಲ ಬಾರಿಗೆ ಪ್ರಯತ್ನಿಸುವವರಿಗೆ ನಾನು ಸೂಚಿಸುವುದು ಈ ವಿಧಾನವನ್ನೇ. ಹೊರಗಿನ ಕುಂಡದ ತಳದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು, ಅಷ್ಟೇ.

ಒಟ್ಟಿಗೆ ನೆಟ್ಟ ಗುಂಪು ಚೆನ್ನಾಗಿ ಬೆಳೆದರೂ ಅದಕ್ಕೊಂದು ಆಯುಷ್ಯವಿದೆ. ಒಂದೂವರೆ ಎರಡು ವರ್ಷಗಳಲ್ಲಿ ನೀರು ಹಾಕಿದ ಕೂಡಲೇ ತಳದಿಂದ ಹರಿದುಹೋಗುವುದು, ಮೊದಲಿಗಿಂತ ಬಹಳ ಬೇಗ ಒಣಗುವುದು, ತೂತಿನಿಂದ ಬೇರು ಇಣುಕುವುದು ಶುರುವಾದರೆ ಬಿಡಿಸುವ ಕಾಲ ಬಂದಿದೆ ಎಂದರ್ಥ. ಹೆಂಟೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಅಲುಗಾಡಿಸಿದರೆ ಮಣ್ಣು ಕರಗಿ ಬೇರುಗಳು ಬಹುಪಾಲು ತಾವಾಗಿ ಬಿಡಿಸಿಕೊಳ್ಳುತ್ತವೆ. ಬಿಡದಷ್ಟು ಹೆಣೆದುಕೊಂಡವನ್ನು ಎಳೆದು ಹರಿಯುವ ಬದಲು ಹರಿತವಾದ ಶುದ್ಧ ಕತ್ತರಿಯಿಂದ ಕತ್ತರಿಸುವುದು ಮೇಲು. ಬೇರು ಕಳೆದುಕೊಂಡ ಪ್ರಮಾಣಕ್ಕೆ ತಕ್ಕಂತೆ ಎಲೆಗಳನ್ನೂ ಸ್ವಲ್ಪ ಕಡಿಮೆ ಮಾಡಿ, ಬೇರೆ ಬೇರೆ ಕುಂಡಗಳಲ್ಲಿ ನೆಟ್ಟು, ಒಂದೆರಡು ವಾರ ನೇರ ಬಿಸಿಲಿನಿಂದ ದೂರವಿಟ್ಟು, ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಹಾಕದೆ ಬಿಡಬೇಕು.